ಸ್ವದೇಶಿ ವಸ್ತು, ಮೂಲದ ಮುದ್ರೆ ಮತ್ತು ನಮ್ಮ ಹೊಣೆ

(ಶಾದಿ ಮಹಲ್‌ನಲ್ಲಿ ಜರುಗಿದ ಗ್ರಾಹಕ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭಾಂಗಣದಲ್ಲಿ ನಾವು ಸಾಮಾನ್ಯವಾಗಿ ಸೇರುವುದು ವಿವಾಹಗಳಿಗೆ. ಇಂದು ಇಲ್ಲಿ ವಿವಾಹವಿಲ್ಲ. ಆದರೂ ನಮ್ಮ ಇಂದಿನ ವಿಷಯಕ್ಕೆ ಇದಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲವೆಂದು ನಮಗೆ ತೋರುತ್ತದೆ. ಯಾಕೆಂದರೆ ಸಾಧಾರಣ ಕುಟುಂಬವೊಂದು ತನ್ನ ಜೀವಮಾನದಲ್ಲಿ ಅತಿ ಹೆಚ್ಚು ಹಣವನ್ನು ಅತಿ ಕಡಿಮೆ ವಿಚಾರಣೆ ಮಾಡಿ ವ್ಯಯಿಸುವುದು ವಿವಾಹದ ಖರೀದಿಯಲ್ಲಿಯೇ. ನಾಲ್ಕು ರೂಪಾಯಿಯ ಟೊಮೆಟೊವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೊಳ್ಳುವ ನಾವು, ಹತ್ತಾರು ಸಾವಿರ ರೂಪಾಯಿಯ ಸೀರೆಯನ್ನು ಅಂಗಡಿಯವರ ಮಾತನ್ನು ನಂಬಿ ಕೊಳ್ಳುತ್ತೇವೆ.

ಇದು ಇತರರ ಕುರಿತ ಟೀಕೆಯಲ್ಲ. ನಮ್ಮ ಮನೆಯಲ್ಲಿಯೇ ಘಟಿಸಿದ್ದನ್ನು ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ತಂಗಿಯ ವಿವಾಹದ ಸೀರೆಗೆಂದು ಮನೆಯವರೆಲ್ಲ ಒಂದು ದೊಡ್ಡ ಅಂಗಡಿಗೆ ಹೋದೆವು. ಮಾರುವ ಹುಡುಗ ಸೀರೆಯನ್ನು ಅಮ್ಮಿಯ ಮಡಿಲ ಮೇಲೆ ಹರಡಿ, "ಅಪ್ಪಟ ರೇಷ್ಮೆ ಅಮ್ಮಾ, ಕೈಯಲ್ಲಿ ಹಿಡಿದು ನೋಡಿ" ಎಂದ. ಅಮ್ಮಿ ಹಿಡಿದು ನೋಡಿದರು, ಸಂತೋಷಪಟ್ಟರು, ಹಣ ಕೊಟ್ಟರು. ಪದವಿ ಪಡೆದು ಪತ್ರಿಕೆಯಲ್ಲಿ ಬರೆಯುವ ನಾವು ಪಕ್ಕದಲ್ಲಿಯೇ ನಿಂತಿದ್ದೆವು. ಒಂದು ಮಾತೂ ಕೇಳಲಿಲ್ಲ. ವಿವಾಹ ಮುಗಿದ ಮೇಲೆ ಸೆರಗಿನ ಅಂಚಿನಲ್ಲಿ ಎಳೆ ಬಿಟ್ಟಿದ್ದನ್ನು ಕಂಡು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮ ಖಾಲೂ ಎರಡು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಎಳೆ ಉರಿಯಲಿಲ್ಲ, ಕರಗಿತು. ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿಯೊಂದು ನಿಂತಿತು. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯಬೇಕಿತ್ತು. "ಇದು ನಮ್ಮ ಊರಿನ ನೂಲಲ್ಲ ಬೇಟಾ, ಇದು ಹುಳುವಿನ ನೂಲೇ ಅಲ್ಲ" ಎಂದರು.

ನಾವು ಅಂಗಡಿಗೆ ಮರಳಿ ಹೋದೆವು. ಅವರು ಬಿಲ್ಲನ್ನು ತೆಗೆದು ತೋರಿಸಿದರು. ಅದರಲ್ಲಿ 'ಸೀರೆ - 1' ಎಂದಷ್ಟೇ ಬರೆದಿತ್ತು. "ರೇಷ್ಮೆ ಎಂದು ನಾವು ಎಲ್ಲಿ ಬರೆದಿದ್ದೇವೆ?" ಎಂದು ಕೇಳಿದರು. ನಿಜ, ಎಲ್ಲಿಯೂ ಬರೆದಿರಲಿಲ್ಲ. ಬರೆಯಿರಿ ಎಂದು ನಾವು ಕೇಳಿಯೂ ಇರಲಿಲ್ಲ. ಮನೆಗೆ ಬಂದಾಗ ಖಾಲೂ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. "ನಿಮಗೆ ಮೋಸವಾದದ್ದು ಒಂದು ಸಲ. ಇಂಥ ಸೀರೆ ರೇಷ್ಮೆಯ ಹೆಸರಲ್ಲಿ ಮಾರಾಟವಾದಾಗಲೆಲ್ಲ ನಮ್ಮ ನೂಲು ಮಾರಾಟವಾಗದೆ ಮನೆಯಲ್ಲಿ ಉಳಿಯುತ್ತದೆ."

ಬಂಧುಗಳೇ, ನಾವು ಇಂದು ಹೇಳಬೇಕೆಂದಿರುವುದೆಲ್ಲವೂ ಆ ಮಾತಿನೊಳಗಿದೆ. ನಾಡಿನಲ್ಲಿ ತಯಾರಾದ ವಸ್ತುವನ್ನು ಕೊಳ್ಳಿರಿ ಎಂಬ ಉಪದೇಶ ನಮಗೆ ಹೊಸತಲ್ಲ. ಆದರೆ ಯಾವುದು ನಾಡಿನದು, ಯಾವುದು ಅದರ ಸೋಗು ಹಾಕಿದ ನಕಲು ಎಂದು ಗುರುತಿಸಲಾಗದ ಗ್ರಾಹಕನಿಗೆ ಆ ಉಪದೇಶದಿಂದ ಏನು ಪ್ರಯೋಜನ? ಇಲ್ಲಿಯೇ ಮೂಲದ ಮುದ್ರೆಯ ಅಗತ್ಯ ಬರುತ್ತದೆ. ವಸ್ತು ಎಲ್ಲಿ ತಯಾರಾಯಿತು, ಯಾವುದರಿಂದ ತಯಾರಾಯಿತು, ಹೇಗೆ ತಯಾರಾಯಿತು ಎಂಬುದಕ್ಕೆ ಅದು ನುಡಿಯುವ ಸಾಕ್ಷ್ಯ. ಸಾಕ್ಷಿಯನ್ನು ಕೇಳದೆ ತೀರ್ಪು ಕೊಡಬಾರದೆಂದು ಬಲ್ಲ ನಾವು ಅಂಗಡಿಯಲ್ಲಿ ಮಾತ್ರ ಸಾಕ್ಷಿಯಿಲ್ಲದೆಯೇ ತೀರ್ಪು ಕೊಟ್ಟು ಬರುತ್ತೇವೆ.

ಮೊದಲು ಆ ನೂಲಿನ ಹಿಂದಿರುವ ಜೀವನವನ್ನು ನೋಡೋಣ. ರಾಮನಗರ, ಶಿಡ್ಲಘಟ್ಟದಂಥ ಪಟ್ಟಣಗಳಲ್ಲಿ ರೇಷ್ಮೆ ನೂಲು ತೆಗೆಯುವ ರೀಲರುಗಳಲ್ಲಿ ಬಹುಪಾಲು ಮಂದಿ ನಮ್ಮ ಸಮುದಾಯದವರು. ಸುತ್ತಲ ಹಳ್ಳಿಗಳ ರೈತರು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡನ್ನು ಮಾರುಕಟ್ಟೆಗೆ ತರುತ್ತಾರೆ. ಹರಾಜಿನಲ್ಲಿ ಕೊಂಡ ಗೂಡನ್ನು ರೀಲರು ಬಿಸಿನೀರಿನಲ್ಲಿ ಬೇಯಿಸಿ ಎಳೆ ಬಿಡಿಸುತ್ತಾನೆ. ಒಂದು ಗೂಡಿನಿಂದ ಸುಮಾರು ಸಾವಿರ ಮೀಟರಿನಷ್ಟು ಉದ್ದದ ಎಳೆ ಬರುತ್ತದೆ. ಅಂಥ ಹಲವು ಎಳೆಗಳು ಕೂಡಿದಾಗ ಒಂದು ನೂಲು. ಅಲ್ಲಿ ಕೆಲಸ ಮಾಡುವ ಹೆಂಗಸರ ಬೆರಳುಗಳು ದಿನವಿಡೀ ಬಿಸಿನೀರಿನಲ್ಲಿದ್ದು ಬಿಳುಪೇರಿ ಸುಲಿದಿರುತ್ತವೆ. ಬೆಂದ ಹುಳುವಿನ ವಾಸನೆ ಇಡೀ ಓಣಿಯಲ್ಲಿ ತುಂಬಿರುತ್ತದೆ. ಮದುವೆ ಮಂಟಪದಲ್ಲಿ ಹೊಳೆಯುವ ಸೀರೆ ಆ ಓಣಿಯಿಂದಲೇ ಹೊರಟು ಬರಬೇಕು.

ಈ ಕಸುಬು ಎಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ಉದಾಹರಣೆ ಸಾಕು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಲಾಯಿತು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಧಾರಣೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಬೇಕಾಯಿತು. ದಿಲ್ಲಿಯಲ್ಲಿ ಬರೆದ ಒಂದು ಸಾಲು ಹಿಪ್ಪುನೇರಳೆ ತೋಟದಿಂದ ಹಿಡಿದು ರೀಲರಿನ ಅಡುಗೆಮನೆಯ ತನಕ ತಲುಪುತ್ತದೆ. ಆ ಸಾಲನ್ನು ಬರೆಯುವ ಅಧಿಕಾರ ನಮಗಿಲ್ಲ. ಆದರೆ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳುವ ಅಧಿಕಾರ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆ.

ಹಾಗಾದರೆ ಏನನ್ನು ಕೇಳಬೇಕು? ಮುದ್ರೆಗಳು ಹಲವು ಇವೆ, ಒಂದೊಂದರ ಅರ್ಥವೂ ಬೇರೆ ಬೇರೆ. ಇದನ್ನು ತಿಳಿಯದೆ ಎಲ್ಲ ಚೀಟಿಯನ್ನೂ ಒಂದೇ ಎಂದು ನಂಬಿದರೆ ಮತ್ತೊಂದು ಬಗೆಯ ಮೋಸಕ್ಕೆ ಬಾಗಿಲು ತೆರೆದಂತೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಸಹೋದರಿಯರು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು ಸಿಲ್ಕ್ ಮಾರ್ಕ್. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಇದು ಆರಂಭವಾಯಿತು. ಸೀರೆಗೆ ಕಟ್ಟಿದ ಚೀಟಿಯ ಮೇಲೆ ಹೊಳೆಯುವ ಹೊಲೊಗ್ರಾಂ ಮತ್ತು ಆ ಚೀಟಿಗೇ ಮೀಸಲಾದ ಸಂಖ್ಯೆ ಇರುತ್ತದೆ. ಇದು ಹೇಳುವುದು ಇಷ್ಟೇ: ಈ ವಸ್ತ್ರ ಶುದ್ಧ ನೈಸರ್ಗಿಕ ರೇಷ್ಮೆಯದು. ನೂಲು ರಾಮನಗರದ್ದೋ ಚೀನಾದ್ದೋ ಎಂಬುದನ್ನು ಅದು ಹೇಳುವುದಿಲ್ಲ. ಹಾಗಿದ್ದರೂ ನಮ್ಮ ಮನೆಯಲ್ಲಿ ನಡೆದಂಥ ಮೋಸವನ್ನು ತಡೆಯಲು ಅದೊಂದೇ ಸಾಕಿತ್ತು.

ಎರಡನೆಯದು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್. ವಸ್ತ್ರವನ್ನು ಕೈಮಗ್ಗದಲ್ಲಿ ನೇಯಲಾಗಿದೆ ಎಂದು ಅದು ಸಾಕ್ಷ್ಯ ನುಡಿಯುತ್ತದೆ. ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ ಬೆಲೆಗೆ ಮಾರುವ ಪರಿಪಾಠ ಎಷ್ಟು ವ್ಯಾಪಕವೆಂದು ನೇಕಾರರ ಕೇರಿಗಳಲ್ಲಿ ಕೇಳಿ ನೋಡಿರಿ.

ಮೂರನೆಯದು ಭೌಗೋಳಿಕ ಸೂಚಕ, ಜನರ ಬಾಯಲ್ಲಿ ಜಿಐ ಟ್ಯಾಗ್. 1999ರಲ್ಲಿ ಇದರ ಕಾನೂನು ಆಯಿತು, 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ನಿರ್ದಿಷ್ಟ ಸ್ಥಳದ ಮಣ್ಣು, ನೀರು, ಕೈಚಳಕಗಳಿಂದ ವಿಶಿಷ್ಟವಾದ ವಸ್ತುವಿನ ಹೆಸರನ್ನು ಅನ್ಯರು ಬಳಸದಂತೆ ಇದು ಕಾಪಾಡುತ್ತದೆ. ಮೂಲವೆಂದರೆ ಏನೆಂಬುದನ್ನು ಅರಿಯಲು ಬೀದರ್‌ಗಿಂತ ಉತ್ತಮ ಪಾಠಶಾಲೆಯಿಲ್ಲ. ಬಿದರಿ ಪಾತ್ರೆಯನ್ನು ಸತು ಮತ್ತು ತಾಮ್ರದ ಮಿಶ್ರಣದಲ್ಲಿ ಎರಕ ಹೊಯ್ದು, ಚಿತ್ತಾರ ಕೊರೆದು, ಅದರಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಪಾತ್ರೆಯನ್ನು ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆಯೇ ಉಳಿಯುತ್ತದೆ. ಕುಶಲಕರ್ಮಿಗಳು ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಆಯ್ದುಕೊಳ್ಳುತ್ತಾರೆ. ಬಹಮನಿಯರ ಕಾಲದಲ್ಲಿ ಇರಾನಿನಿಂದ ಬಂದ ಕಲೆ ಬೀದರ್‌ನ ಮಣ್ಣಿನಲ್ಲಿ ಬೆರೆತು ಬೀದರ್‌ನದೇ ಆಯಿತು. 2023ರಲ್ಲಿ ಪದ್ಮಶ್ರೀ ಪಡೆದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರು ಈ ಕಲೆಯ ಇಂದಿನ ಹಿರಿಯರು. ಹೊರಗಿನಿಂದ ಬಂದದ್ದು ಎಂದೂ ನಾಡಿನದಾಗದು ಎನ್ನುವವರು ಒಂದು ಬಿದರಿ ಹೂದಾನಿಯನ್ನು ಕೈಯಲ್ಲಿ ಹಿಡಿದು ನೋಡಬೇಕು.

ನಾಲ್ಕನೆಯದು ಪೊಟ್ಟಣದ ಮೇಲಿನ ಬರಹ. ವಿದೇಶದಿಂದ ಬಂದ ಪೊಟ್ಟಣದ ಮೇಲೆ ಅದು ತಯಾರಾದ ದೇಶದ ಹೆಸರು ಇರಲೇಬೇಕೆಂದು ತೂಕ ಮತ್ತು ಅಳತೆಯ ನಿಯಮ ಹೇಳುತ್ತದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮೊಬೈಲಿನಲ್ಲಿ ಮಾರುವವರೂ ಆ ವಿವರವನ್ನು ಕೊಡಬೇಕು. ಬಹಳ ಸಲ ಅದು ಪರದೆಯ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಹಣ ಕಟ್ಟುವ ಮೊದಲು ಅಲ್ಲಿಯ ತನಕ ಬೆರಳು ಸರಿಸುವ ತಾಳ್ಮೆ ನಮಗಿರಬೇಕು.

ಇನ್ನು ನಮ್ಮ ಮಕ್ಕಳ ಕೈಗೆ ಬರೋಣ. ಈದ್ ದಿನ ಈದಿಯ ಹಣ ಹಿಡಿದು ಮಕ್ಕಳು ಓಡುವುದು ಆಟಿಕೆಯ ಗಾಡಿಯತ್ತ. ಸಂಜೆಯಾಗುವಷ್ಟರಲ್ಲಿ ಪ್ಲಾಸ್ಟಿಕ್ ಕಾರಿನ ಚಕ್ರ ಒಂದು ಕಡೆ, ಬಾಗಿಲು ಒಂದು ಕಡೆ. ಅದು ಎಲ್ಲಿ ತಯಾರಾಯಿತು, ಬಣ್ಣದಲ್ಲಿ ಏನಿತ್ತು, ಬಾಯಿಗಿಟ್ಟ ಮಗುವಿನ ಹೊಟ್ಟೆಗೆ ಏನು ಸೇರಿತು ಎಂದು ನಾವು ಕೇಳುವುದಿಲ್ಲ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ತಲೆಮಾರುಗಳಿಂದ ಗೊಂಬೆ ತಯಾರಾಗುತ್ತಿದೆ. ಟಿಪ್ಪು ಸುಲ್ತಾನರು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಗೆ ಆಶ್ರಯ ಕೊಟ್ಟರೆಂಬುದು ಊರಿನವರ ನಂಬಿಕೆ. ಜಪಾನಿನ ಅರಗಿನ ವಿಧಾನವನ್ನು ಇಲ್ಲಿಯ ಕೆಲಸಕ್ಕೆ ಒಗ್ಗಿಸಿದ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣ ಗೊಂಬೆಗಳ ಜನಕನೆಂದು ಅಲ್ಲಿ ಸ್ಮರಿಸುತ್ತಾರೆ. ಆಲೆ ಮರದ ತುಂಡನ್ನು ಒಣಗಿಸಿ, ಲೇತ್ ಯಂತ್ರದಲ್ಲಿ ತಿರುಗಿಸಿ, ಉಳಿಯಿಂದ ಆಕಾರ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಗರಿಯಿಂದ ಉಜ್ಜಿದರೆ ಹೊಳಪು. ಸಸ್ಯಮೂಲದ ಬಣ್ಣವನ್ನು ಬಳಸಿ ಮಾಡಿದ್ದನ್ನು ಮಗು ಬಾಯಿಗಿಟ್ಟರೂ ತಾಯಿ ಗಾಬರಿಪಡಬೇಕಿಲ್ಲ.

ಈ ಗೊಂಬೆಗಳಿಗೆ 2005-06ರ ಸಾಲಿನಲ್ಲಿಯೇ ಜಿಐ ಮಾನ್ಯತೆ ದೊರೆಯಿತು. ಹಾಗಿದ್ದೂ ಮಾರುಕಟ್ಟೆಯಲ್ಲಿ ಅಗ್ಗದ ಆಮದು ಆಟಿಕೆಗಳ ಎದುರು ಅವು ಸೊರಗಿದವು. ಸರಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ಮನೆಯ ಮೂಲೆಯಲ್ಲಿ ಲೇತ್ ಇಟ್ಟುಕೊಂಡಿರುವ ಬಡ ಕುಶಲಕರ್ಮಿ ಪ್ರಯೋಗಾಲಯದ ಖರ್ಚನ್ನು ಎಲ್ಲಿಂದ ಭರಿಸಬೇಕು? ಇದನ್ನು ಮನಗಂಡು, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಜಿಐ ನೋಂದಣಿಯ ಆಟಿಕೆಗಳಿಗೂ ಆ ಕಡ್ಡಾಯದಿಂದ ವಿನಾಯಿತಿ ಕೊಡಲಾಯಿತು.

ಇಲ್ಲಿ ಒಂದು ಶಬ್ದವನ್ನು ಗಮನಿಸಿರಿ: ನೋಂದಾಯಿಸಿದ. ಕಾಗದ ಇದ್ದವನಿಗೆ ರಕ್ಷಣೆ, ಕಾಗದ ಇಲ್ಲದವನಿಗೆ ಇಲ್ಲ. ಜಿಐ ಎಂಬುದು ಊರಿಗೆ ದೊರೆತ ಮಾನ್ಯತೆ. ಆದರೆ ಅದರ ಮುದ್ರೆಯನ್ನು ತನ್ನ ವಸ್ತುವಿನ ಮೇಲೆ ಹಾಕಿಕೊಳ್ಳಲು ಪ್ರತಿಯೊಬ್ಬ ಕುಶಲಕರ್ಮಿಯೂ ಅಧಿಕೃತ ಬಳಕೆದಾರನಾಗಿ ಹೆಸರು ಬರೆಸಬೇಕು. ಅದರ ಅರ್ಜಿಯ ಶುಲ್ಕವನ್ನು 2020ರಲ್ಲಿ ಕೇವಲ 10 ರೂಪಾಯಿಗೆ ಇಳಿಸಲಾಗಿದೆ. ಹತ್ತು ರೂಪಾಯಿ ಯಾರಿಗೂ ಭಾರವಲ್ಲ. ಭಾರವಾಗುವುದು ಇಂಗ್ಲಿಷಿನ ಅರ್ಜಿ, ಭಾರವಾಗುವುದು ಕಚೇರಿಗೆ ಅಲೆದು ಕಳೆಯುವ ಒಂದು ದಿನದ ಕೂಲಿ. ನಮ್ಮಲ್ಲಿ ಪದವೀಧರ ಯುವಕರಿದ್ದಾರೆ, ಜಮಾಅತ್ ಕಮಿಟಿಗಳಿವೆ, ಶುಕ್ರವಾರ ನೂರಾರು ಮಂದಿ ಒಂದೆಡೆ ಸೇರುತ್ತೇವೆ. ಕುಶಲಕರ್ಮಿಗಳು ಇರುವ ಪ್ರತಿ ಊರಿನಲ್ಲಿ ವರ್ಷಕ್ಕೆ ಎರಡು ದಿನ ಕುಳಿತು ಈ ಅರ್ಜಿಗಳನ್ನು ತುಂಬಿಸಿಕೊಡಲು, ಪೆಹಚಾನ್ ಗುರುತಿನ ಚೀಟಿ ಮಾಡಿಸಿಕೊಡಲು ನಮಗೆ ಏನು ಅಡ್ಡಿ? ಸರಕಾರ ಏನು ಮಾಡಿತು ಎಂದು ಕೇಳುವ ಹಕ್ಕು ನಮಗಿದೆ. ಅದರ ಜೊತೆಗೆ ನಾವೇನು ಮಾಡಿದೆವು ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿರಬೇಕು.

ಚನ್ನಪಟ್ಟಣಕ್ಕೆ ಮತ್ತೊಂದು ಕಷ್ಟವೂ ಎದುರಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಪಟ್ಟಣದ ಹೊರಗಿನಿಂದ ಸಾಗುತ್ತದೆ. ಹಿಂದೆ ಮೈಸೂರಿಗೆ ಹೋಗುವವರು ಹಳೆಯ ರಸ್ತೆಯಲ್ಲಿ ನಿಂತು, ಮಕ್ಕಳಿಗೆ ಬುಗುರಿಯನ್ನೋ ಕುದುರೆಯನ್ನೋ ಕೊಂಡು ಮುಂದೆ ಹೋಗುತ್ತಿದ್ದರು. ಈಗ ವಾಹನಗಳು ನಿಲ್ಲದೆ ಸಾಗುತ್ತವೆ. ದಾರಿಯಲ್ಲಿ ತಾನಾಗಿ ಬರುತ್ತಿದ್ದ ಗ್ರಾಹಕ ಇನ್ನು ಬಾರನು. ಉದ್ದೇಶವಿಟ್ಟು ಹುಡುಕಿಕೊಂಡು ಬರುವ ಗ್ರಾಹಕ ಬೇಕು. ಹಾಗೆ ಹುಡುಕುವವನಿಗೆ ದೂರದ ಊರಿನಲ್ಲಿಯೂ ಅಸಲಿ ಗೊಂಬೆಯನ್ನು ತೋರಿಸಿಕೊಡುವುದು ಆ ಮುದ್ರೆ ಮಾತ್ರ.

ಈಗ ನಿಮ್ಮ ಮನಸ್ಸಿನಲ್ಲಿರುವ ಆಕ್ಷೇಪಕ್ಕೆ ಬರುತ್ತೇವೆ. ಇವೆಲ್ಲ ದುಬಾರಿಯಲ್ಲವೇ? ಹೌದು, ಕೆಲವು ದುಬಾರಿ. ದಿನಗೂಲಿಯವನಿಗೆ ಕೈಮಗ್ಗದ ಸೀರೆಯನ್ನೇ ಕೊಳ್ಳು ಎಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಪಾಲಿಯೆಸ್ಟರ್ ಉಡುವುದು ತಪ್ಪೂ ಅಲ್ಲ, ಅವಮಾನವೂ ಅಲ್ಲ. ಪಾಲಿಯೆಸ್ಟರನ್ನು ಪಾಲಿಯೆಸ್ಟರ್ ಎಂದೇ ಹೇಳಿ ಅದರ ಬೆಲೆಗೆ ಮಾರಿದರೆ ಯಾರ ಹಕ್ಕೂ ನಷ್ಟವಾಗದು. ಅದಕ್ಕೆ ರೇಷ್ಮೆಯ ಹೆಸರಿಟ್ಟಾಗ ಕೊಂಡವನ ಹಣ, ರೀಲರಿನ ದುಡಿಮೆ, ನೇಕಾರನ ಹೆಸರು ಮೂರನ್ನೂ ಒಮ್ಮೆಲೇ ಕದ್ದಂತಾಯಿತು. ಇನ್ನು ದುಬಾರಿಯ ಲೆಕ್ಕವನ್ನು ಮನೆಯಲ್ಲಿಯೇ ಮಾಡಿ ನೋಡಿರಿ. ವಿವಾಹಕ್ಕೆಂದು ಕೊಂಡು ಎರಡನೆಯ ಸಲ ಉಡದೆ ಬೀರುವಿನಲ್ಲಿಟ್ಟ ಹೊಳೆಯುವ ಸೀರೆಗಳು ಎಷ್ಟು? ಅವುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಉಳಿದ ಹಣದಲ್ಲಿ ಮುದ್ರೆಯುಳ್ಳ ಒಂದೇ ಒಂದನ್ನು ಕೊಂಡರೆ ಖರ್ಚು ಹೆಚ್ಚುವುದಿಲ್ಲ, ತಗ್ಗುತ್ತದೆ. ವಿವಾಹದ ದುಂದುವೆಚ್ಚದ ವಿರುದ್ಧ ನಾವು ವರ್ಷಗಳಿಂದ ಮಾತನಾಡುತ್ತಿದ್ದೇವೆ. ಇದು ಅದೇ ಮಾತಿನ ಮುಂದುವರಿದ ಭಾಗ.

ವ್ಯಾಪಾರಿ ಮತ್ತು ಕುಶಲಕರ್ಮಿ ಬಂಧುಗಳಿಗೂ ಒಂದು ಮಾತು. ಗ್ರಾಹಕ ಕನಿಕರದಿಂದ ಒಮ್ಮೆ ಕೊಳ್ಳಬಹುದು, ಎರಡನೆಯ ಸಲ ಕೊಳ್ಳುವುದು ಗುಣಮಟ್ಟವನ್ನು ನೋಡಿಯೇ. ನಾಡಿನದು ಎಂಬ ಹೆಸರಿನಲ್ಲಿ ಬಿರುಕು ಬಿಟ್ಟ ಗೊಂಬೆಯನ್ನೂ ಬಣ್ಣ ಬಿಡುವ ಬಟ್ಟೆಯನ್ನೂ ಮಾರಿದರೆ ಮುದ್ರೆಯನ್ನು ಕೊಲ್ಲುವವರು ನಾವೇ ಆಗುತ್ತೇವೆ. ಮಾಲಿನ ದೋಷವನ್ನು ಮುಚ್ಚಿಟ್ಟು ಮಾರುವುದು ನಿಷಿದ್ಧವೆಂದು ನಮ್ಮಲ್ಲಿ ಯಾರಿಗೆ ತಿಳಿದಿಲ್ಲ? ಮದ್ರಸಾದಲ್ಲಿ ನಾವು ಮೊದಲು ಕಲಿತ ವ್ಯವಹಾರದ ಪಾಠವೇ ಅದು. ಒಂದು ಸೀರೆಗೆ ಪಡೆದ ಚೀಟಿಯನ್ನು ಇನ್ನೊಂದಕ್ಕೆ ಕಟ್ಟುವವನು ಸುಳ್ಳುಸಾಕ್ಷಿ ಹೇಳುವವನಿಗಿಂತ ಬೇರೆಯಲ್ಲ. ನೆಲದ ಕಾನೂನೂ ಇದನ್ನು ಲಘುವಾಗಿ ಕಂಡಿಲ್ಲ. ಜಿಐ ಹೆಸರನ್ನು ಸುಳ್ಳಾಗಿ ಬಳಸಿದವನಿಗೆ ಆರು ತಿಂಗಳಿನಿಂದ ಮೂರು ವರ್ಷಗಳ ತನಕ ಸೆರೆವಾಸವನ್ನೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳ ತನಕ ದಂಡವನ್ನೂ 1999ರ ಕಾನೂನು ವಿಧಿಸುತ್ತದೆ.

ಕೊನೆಯದಾಗಿ ಈ ವಿಷಯದ ರಾಜಕೀಯ ಮುಖವನ್ನು ನೋಡದೆ ಮಾತು ಮುಗಿಸಲಾಗದು. ಸ್ವದೇಶಿ ಎಂಬ ಶಬ್ದಕ್ಕೆ ನಮ್ಮ ದೇಶದಲ್ಲಿ ದೀರ್ಘ ಇತಿಹಾಸವಿದೆ. ಬಂಗಾಳದ ವಿಭಜನೆಯನ್ನು ವಿರೋಧಿಸಿ 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದೇಶಿ ಸರಕಿನ ಬಹಿಷ್ಕಾರದ ನಿರ್ಣಯವಾಯಿತು. ಅದರ ನೆನಪಿಗೆ 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. ಆ ಚಳವಳಿ ದೇಶವನ್ನು ಎಚ್ಚರಿಸಿತು ಎಂಬುದು ನಿಜ. ಆದರೆ ಅಗ್ಗದ ಮಿಲ್ ಬಟ್ಟೆಯನ್ನು ಬಿಟ್ಟರೆ ಬೇರೆ ಕೊಳ್ಳಲಾಗದ ಪೂರ್ವ ಬಂಗಾಳದ ಬಡ ಮುಸ್ಲಿಮ್ ರೈತರ ಮೇಲೂ ಸಣ್ಣ ವ್ಯಾಪಾರಿಗಳ ಮೇಲೂ ಬಹಿಷ್ಕಾರವನ್ನು ಬಲವಂತವಾಗಿ ಹೇರಿದ್ದೂ ನಿಜ. ಮೊದಲು ಆ ಚಳವಳಿಯ ಮುಂಚೂಣಿಯಲ್ಲಿದ್ದ ರವೀಂದ್ರನಾಥ ಠಾಗೋರರು ಇದನ್ನು ಕಂಡು ದೂರ ಸರಿದರು, 1916ರಲ್ಲಿ ಪ್ರಕಟವಾದ 'ಘರೇ ಬಾಯಿರೇ' ಕಾದಂಬರಿಯಲ್ಲಿ ಆ ನೋವನ್ನೇ ವಸ್ತುವಾಗಿಸಿದರು. ಬಲವಂತದಿಂದ ಹೇರಿದ ಸ್ವದೇಶಿ ಬಡವನನ್ನೇ ಮೊದಲು ಸುಡುತ್ತದೆ. ಆದ್ದರಿಂದ ಇದು ಆಯ್ಕೆಯಾಗಬೇಕು, ಆಜ್ಞೆಯಾಗಬಾರದು.

ಮತ್ತೊಂದು ಅಪಾಯ ನಮ್ಮ ಕಾಲದ್ದು. 2022ರಲ್ಲಿ ಕರಾವಳಿಯಿಂದ ಆರಂಭಿಸಿ ರಾಜ್ಯದ ಹಲವೆಡೆ ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಫಲಕಗಳು ಎದ್ದವು. ಅಂದು ಬಳೆ, ಆಟಿಕೆ, ಹಣ್ಣಿನ ಗಾಡಿಗಳನ್ನು ಮರಳಿ ಮನೆಗೆ ತಳ್ಳಿಕೊಂಡು ಬಂದವರು ನಮ್ಮ ಬೀದಿಗಳಲ್ಲೇ ಇದ್ದಾರೆ. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯ ಹೋಟೆಲುಗಳು ಮಾಲಿಕರ ಹೆಸರನ್ನು ಹೊರಗೆ ಬರೆಯಬೇಕೆಂಬ ಆದೇಶ ಬಂತು. ಜುಲೈ 22ರಂದು ಸುಪ್ರೀಮ್ ಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಯಾವ ಬಗೆಯ ಆಹಾರ ಎಂಬುದನ್ನು ಬರೆಯಬಹುದು, ಮಾಲಿಕರ ಮತ್ತು ಸಿಬ್ಬಂದಿಯ ಹೆಸರು ಬರೆಯುವಂತೆ ಒತ್ತಾಯಿಸಬಾರದು ಎಂದಿತು. ನಮ್ಮ ವಿಷಯವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ತಟ್ಟೆಯಲ್ಲಿ ಏನಿದೆ ಎಂದು ತಿಳಿಯುವುದು ಗ್ರಾಹಕನ ಹಕ್ಕು. ಬಡಿಸಿದವನ ಧರ್ಮ ಯಾವುದು ಎಂದು ಕೇಳುವುದು ಹಕ್ಕಲ್ಲ, ಹಗೆ. ಮೂಲದ ಮುದ್ರೆ ವಸ್ತುವಿಗೆ ಬೇಕು, ಮನುಷ್ಯನಿಗೆ ಬೇಡ.

ಈ ನ್ಯಾಯವನ್ನು ಇತರರಿಗೆ ಮಾತ್ರ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮವರ ಅಂಗಡಿಯಲ್ಲಿ ಮಾತ್ರ ಕೊಳ್ಳಿರಿ ಎಂಬ ಸಂದೇಶಗಳು ನಮ್ಮ ಮೊಹಲ್ಲಾಗಳ ಮೊಬೈಲುಗಳಲ್ಲಿಯೂ ಹರಿದಾಡುತ್ತವೆ. ನೋವಿನಿಂದ ಬರೆದದ್ದೇ ಇರಬಹುದು. ಆದರೂ ಅದು ಅದೇ ಫಲಕದ ಇನ್ನೊಂದು ಪ್ರತಿ. ಯೋಚಿಸಿ ನೋಡಿರಿ. ಹುಳು ಸಾಕಿದವನು ಒಕ್ಕಲಿಗ ರೈತನಿರಬಹುದು, ನೂಲು ತೆಗೆದವನು ನಮ್ಮ ಖಾಲೂ ಇರಬಹುದು, ನೇಯ್ದವನು ದೇವಾಂಗನಿರಬಹುದು, ಮಾರಿದವನು ಇನ್ನೊಬ್ಬನಿರಬಹುದು. ಆ ಸೀರೆಯನ್ನು 'ನಮ್ಮವರಿಂದ ಮಾತ್ರ' ಕೊಳ್ಳುವುದು ಹೇಗೆ? ನಮ್ಮವರಿಗೆ ಮಾತ್ರ ಮಾರಿದರೆ ಖಾಲೂ ಬದುಕುವುದು ಹೇಗೆ? ಹಾಗೆಯೇ ಚೀನಾದ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಆಟಿಕೆ ಮಾಡುವ ಹೆಣ್ಣುಮಗಳೂ ಕೂಲಿಯವಳೇ. ಅವಳ ಮೇಲೆ ನಮಗೆ ಹಗೆಯಿಲ್ಲ. ಕೈಗೆಟಕುವ ದೂರದಲ್ಲಿರುವ ದುಡಿಮೆಗೆ ಮೊದಲ ಗಮನ ಕೊಡೋಣ ಎಂದಷ್ಟೇ ನಮ್ಮ ವಿನಂತಿ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ರೇಷ್ಮೆ ಎಂದು ಹೇಳಿ ಮಾರುವವರಲ್ಲಿ ಸಿಲ್ಕ್ ಮಾರ್ಕ್ ಚೀಟಿಯನ್ನು ಕೇಳಿರಿ. ಬಿಲ್ಲಿನಲ್ಲಿ 'ಶುದ್ಧ ರೇಷ್ಮೆ' ಎಂಬ ಎರಡು ಶಬ್ದಗಳನ್ನು ಬರೆಸಿಕೊಳ್ಳಿರಿ. ಬರೆಯಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿರಿ. ಬರೆದುಕೊಟ್ಟೂ ಮೋಸ ಮಾಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ, ಅಗತ್ಯವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿರಿ. 2019ರ ಕಾನೂನಿನ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿ ತನಕದ ಖರೀದಿಗೆ ಶುಲ್ಕವೂ ಇಲ್ಲ. ಮುಂದಿನ ಈದ್‌ಗೆ ಮಗುವಿಗೆ ಮೂರು ಪ್ಲಾಸ್ಟಿಕ್ ಆಟಿಕೆಗಳ ಬದಲು ಮರದ ಗೊಂಬೆಯೊಂದನ್ನು ಕೊಡಿರಿ. ಸನ್ಮಾನ ಸಮಾರಂಭಗಳಲ್ಲಿ ಕೊಡುವ ಫಳಫಳ ಹೊಳೆಯುವ ಪ್ಲಾಸ್ಟಿಕ್ ಫಲಕಗಳ ಬದಲು ಸಣ್ಣದೊಂದು ಬಿದರಿ ವಸ್ತುವನ್ನು ಕೊಡುವ ಪದ್ಧತಿಯನ್ನು ಈ ಶಾದಿ ಮಹಲ್‌ನಿಂದಲೇ ಆರಂಭಿಸಬಹುದು.

ನಮ್ಮ ತಂಗಿಯ ಆ ಸೀರೆ ಈಗಲೂ ಮನೆಯಲ್ಲಿದೆ. ಅಮ್ಮಿ ಅದನ್ನು ಎಸೆಯಲು ಬಿಡಲಿಲ್ಲ. ಕಳೆದ ವರ್ಷ ಚಿಕ್ಕ ತಂಗಿಯ ವಿವಾಹದ ಖರೀದಿಗೆ ಹೋದಾಗ ಮಾರುವ ಹುಡುಗ ಎಂದಿನಂತೆ ಸೀರೆ ಹರಡಿ, ಅಪ್ಪಟ ರೇಷ್ಮೆ ಎಂದ. ಈ ಸಲ ಅಮ್ಮಿ ಬಟ್ಟೆಯನ್ನು ಮುಟ್ಟಲಿಲ್ಲ. ಕನ್ನಡಕವನ್ನು ತೆಗೆದು ಹಾಕಿಕೊಂಡು, "ಚೀಟಿ ಎಲ್ಲಿದೆ ಮಗಾ?" ಎಂದು ಕೇಳಿದರು. ಹುಡುಗ ಒಳಗೆ ಹೋಗಿ ಬೇರೆ ಕಟ್ಟನ್ನು ತಂದ.